ಗಾಡಿ ಎಲ್ಲೂ ನಿಲ್ಲುವುದಿಲ್ಲ ಎಂದು ಇಟ್ಟುಕೊಂಡರೆ

ಎಷ್ಟು ಸಲ ಕೂಡಿದರೂ ಮೂವತ್ತೊಂದೇ ಬರುತ್ತಿತ್ತು. ರೇಖಾಗಣಿತದ ಒಂದು ರಚನೆ, ಒಂದು ನಕ್ಷೆ, ಒಂದು ಪ್ರಮೇಯ, ಸರಾಸರಿಯ ಲೆಕ್ಕ, ಸಿಲಿಂಡರಿನ ಘನಫಲ, ಜೊತೆಗೆ ಒಂದೊಂದು ಅಂಕದ ಚಿಲ್ಲರೆ ಪ್ರಶ್ನೆಗಳು. ಇವಿಷ್ಟನ್ನೂ ಆಕೆ ತಪ್ಪಿಲ್ಲದೆ ಮಾಡಿದರೂ ನೂರಕ್ಕೆ ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಉಳಿದ ನಾಲ್ಕನ್ನು ಎಲ್ಲಿಂದ ತರುವುದು ಎಂದು ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಹರಡಿಕೊಂಡು ನೋಡಿದೆ. ಪ್ರತಿ ಸಲವೂ ತಪ್ಪದೆ ಬರುವ ನಾಲ್ಕು ಅಂಕದ್ದು ಒಂದೇ ಇತ್ತು. ಎರಡು ಊರು, ಎರಡು ಗಾಡಿ. ಎದುರುಬದುರಾಗಿ ಹೊರಟರೆ ಇಷ್ಟು ಗಂಟೆಗೆ ಸಂಧಿಸುತ್ತವೆ, ಒಂದೇ ದಿಕ್ಕಿಗೆ ಹೊರಟರೆ ಇಷ್ಟು ಗಂಟೆಗೆ. ಅವುಗಳ ವೇಗ ಎಷ್ಟು? ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೇನೆ. ತೇಲಿ ಮುಳುಗುವ ಮಕ್ಕಳಿಗೆ ನಾನು ಮೊದಲು ಹೇಳುವ ಮಾತೇ ಈ ಲೆಕ್ಕದ ತಂಟೆಗೆ ಹೋಗಬೇಡಿ ಎಂದು.

ಆಕೆ ನನ್ನ ಶಾಲೆಯ ಹುಡುಗಿಯಲ್ಲ. ಮೂವತ್ತೆಂಟು ವರ್ಷದ ಹೆಂಗಸು. ಕ್ಯಾಲನೂರಿನಿಂದ ಒಳಗೆ ಮೂರು ಕಿಲೋಮೀಟರು ಹೋದರೆ ಸಿಗುವ ನಮ್ಮ ಶಾಲೆಯ ಊರಿನ ಹಾಲಿನ ಡೇರಿಯಲ್ಲಿ ಪರೀಕ್ಷಕಿ. ಬೆಳಿಗ್ಗೆ ಸಂಜೆ ಊರವರು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ನೀರು ಬೆರೆತಿದೆಯೋ ಇಲ್ಲವೋ, ಕೊಬ್ಬು ಎಷ್ಟಿದೆ ಎಂದು ಹೇಳುವ ಕೆಲಸ. ಊರೆಲ್ಲ ಟೆಸ್ಟರಮ್ಮ ಎಂದೇ ಕರೆಯುತ್ತಿದ್ದರು. ಡೇರಿಯ ಕಾರ್ಯದರ್ಶಿ ಆ ವರ್ಷ ನಿವೃತ್ತರಾಗುವವರಿದ್ದರು. ಹನ್ನೊಂದು ವರ್ಷದಿಂದ ಅವರ ಅರ್ಧ ಕೆಲಸವನ್ನು ಈಕೆಯೇ ಮಾಡಿಕೊಂಡು ಬಂದಿದ್ದರಿಂದ ಆ ಕುರ್ಚಿ ಈಕೆಗೇ ಎಂದು ಎಲ್ಲರೂ ಒಪ್ಪಿದ್ದರು. ಅಡ್ಡ ಬಂದದ್ದು ಒಂದೇ. ಕಾರ್ಯದರ್ಶಿ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂಬುದು ಸಂಘದ ನಿಯಮ. ಆಕೆಯನ್ನು ಒಂಬತ್ತನೇ ಕ್ಲಾಸಿನಲ್ಲಿ ಬಿಡಿಸಿ ಮದುವೆ ಮಾಡಿದ್ದರು. ಖಾಸಗಿಯಾಗಿ ಕಟ್ಟಿ ಐದು ವಿಷಯ ಪಾಸು ಮಾಡಿಕೊಂಡಿದ್ದಳು, ಗಣಿತ ಎರಡು ಸಲ ಹೋಗಿತ್ತು. ಸಂಘದ ಮಹಾಸಭೆಗೆ ಮೊದಲು ಉಳಿದಿದ್ದು ಒಂದೇ ಪರೀಕ್ಷೆ.

ಒಂದು ಸಂಜೆ ನಾಲ್ಕಕ್ಕೆ ಶಾಲೆಯ ಗೇಟಿನಲ್ಲಿ ನೋಟ್‌ಬುಕ್ಕು ಹಿಡಿದು ನಿಂತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಅದು ಆಕೆಗೂ ಗೊತ್ತು, ಏಕೆಂದರೆ ಅವಳ ಮಗಳು ನನ್ನ ಕೈಯಲ್ಲೇ ಕಲಿತು ಹೋದವಳು. ಕೋಲಾರದ ಬಸ್ಸು ಐದೂಕಾಲಿಗೆ, ಅಲ್ಲಿಯವರೆಗೆ ಹೇಳಿಕೊಡುತ್ತೇನೆ ಎಂದೆ. ಆಕೆಗೂ ಅಷ್ಟೇ ಹೊತ್ತು ಬಿಡುವು. ಐದೂವರೆಗೆ ಡೇರಿ ತೆಗೆಯಬೇಕು. ಹೀಗೆ ದಿನಕ್ಕೆ ಒಂದು ಗಂಟೆ, ಎಂಟನೇ ಕ್ಲಾಸಿನ ಮುಂದಿನ ಜಗಲಿಯಲ್ಲಿ, ಏಳು ವಾರ.

ಮೊದಲ ಮೂರು ವಾರ ಚೆನ್ನಾಗಿಯೇ ನಡೆಯಿತು. ಅಳತೆಯ ಕೆಲಸ ಮಾಡಿದ ಕೈ. ರಚನೆಯಲ್ಲಿ ಕೈವಾರ ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ಸರಾಸರಿಯನ್ನು ನಾನು ಹೇಳಿಕೊಡುವುದೇ ಬೇಕಾಗಲಿಲ್ಲ. ದಿನವೂ ನೂರು ಮನೆಯ ಹಾಲಿನ ಕೊಬ್ಬು ನೋಡುವವಳಿಗೆ ಸರಾಸರಿ ಕಲಿಸಲು ಹೊರಡುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಲೆಕ್ಕ ಮಾಡುವಾಗ ಮಾತ್ರ ತುಟಿ ತೆಲುಗಿನಲ್ಲಿ ಅಲ್ಲಾಡುತ್ತಿತ್ತು. ತವರು ದೇವರಾಯಸಮುದ್ರದ ಆಚೆಯ ಒಂದು ಹಳ್ಳಿ. ಮಾತು ಕನ್ನಡ, ಎಣಿಕೆ ತೆಲುಗು. ನಾನೂ ಆಂಧ್ರದ ಗಡಿಗೆ ಹತ್ತಿದ ಶ್ರೀನಿವಾಸಪುರದವಳೇ, ಅದೇನೂ ನನಗೆ ಹೊಸದಲ್ಲ.

ನಾಲ್ಕನೇ ವಾರ ಗಾಡಿಗಳ ಲೆಕ್ಕ ಎತ್ತಿಕೊಂಡೆ. ಎ ಊರು, ಬಿ ಊರು ಎಂದರೆ ಆಕೆಯ ಕಣ್ಣು ಮಂಜಾಗುತ್ತದೆ ಎಂದು ಮಾಲೂರು, ಮುಳಬಾಗಿಲು ಎಂದೇ ಇಟ್ಟೆ. ನಡುವೆ ಅರವತ್ತು ಕಿಲೋಮೀಟರು. ಎರಡೂ ಊರಿನಿಂದ ಒಂದೊಂದು ಗಾಡಿ ಒಟ್ಟಿಗೆ ಹೊರಡುತ್ತವೆ. ಎದುರುಬದುರು ಬಂದರೆ ಒಂದು ಗಂಟೆಗೆ ಸಂಧಿಸುತ್ತವೆ. ಒಂದೇ ದಿಕ್ಕಿಗೆ ಹೋದರೆ ಮೂರು ಗಂಟೆಗೆ. ಆಕೆ ಬರೆದುಕೊಂಡು ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ಎಷ್ಟು ಊರಲ್ಲಿ ನಿಲ್ಲುತ್ತೆ ಮೇಡಂ?"

ಎಲ್ಲೂ ನಿಲ್ಲುವುದಿಲ್ಲ ಎಂದೆ. ಅದೆಂಥ ಗಾಡಿ ಎಂದಳು. ಲೆಕ್ಕದ ಗಾಡಿ ಎಂದೆ. ಮರುದಿನ ಮನೆಯಿಂದ ಮಾಡಿಕೊಂಡು ಬಂದದ್ದನ್ನು ನೋಡಿದರೆ ಒಂದು ಗಂಟೆಯಲ್ಲಿ ನಲವತ್ನಾಲ್ಕು ನಿಮಿಷ ಕಳೆದಿದ್ದಳು. ದಾರಿಯಲ್ಲಿ ಹನ್ನೊಂದು ಊರು, ಒಂದೊಂದು ಊರಿನಲ್ಲಿ ಕ್ಯಾನು ಏರಿಸಲು ನಾಲ್ಕು ನಿಮಿಷ. ಉಳಿದ ಹದಿನಾರು ನಿಮಿಷದಲ್ಲಿ ಅರವತ್ತು ಕಿಲೋಮೀಟರು ಓಡಿಸಲು ಹೋಗಿ, ಇಷ್ಟು ಜೋರಾಗಿ ಹಾಲಿನ ಗಾಡಿ ಓಡಿಸಿದರೆ ಡ್ರೈವರನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಅಲ್ಲಿಗೇ ನಿಲ್ಲಿಸಿದ್ದಳು.

ನಗಬೇಕಿತ್ತು, ನಾನು ರೇಗಿದೆ. ಪರೀಕ್ಷೆಯಲ್ಲಿ ಹಾಲೂ ಇಲ್ಲ ಕ್ಯಾನೂ ಇಲ್ಲ, ಹೊರಟ ಗಾಡಿ ಹೊರಟ ವೇಗದಲ್ಲೇ ಹೋಗುತ್ತದೆ, ತಿಳಿಯಿತೇ ಎಂದೆ. ತಿಳಿಯಿತು ಎಂದಳು. ಆದರೆ ಒಂದೇ ದಿಕ್ಕಿನ ಭಾಗಕ್ಕೆ ಬಂದಾಗ ಇನ್ನೊಂದು ತಕರಾರು. ಮಾಲೂರಿನ ಗಾಡಿ ಮೂರು ಗಂಟೆ ಓಡಿ ಮುಂದಿನದನ್ನು ಹಿಡಿಯುವಷ್ಟರಲ್ಲಿ ಮುಳಬಾಗಿಲು ದಾಟಿ, ಗಡಿ ದಾಟಿ, ಪಲಮನೇರನ್ನೂ ದಾಟಿರುತ್ತದೆ. ಅಷ್ಟು ದೂರ ಬೆನ್ನು ಹತ್ತಿ ಹೋಗುವಂಥ ಕೆಲಸ ಅವನಿಗೇನಿದೆ, ಫೋನು ಮಾಡಬಾರದೇ ಎಂದಳು. ಜಗಲಿಯ ಕೆಳಗೆ ಕಸ ಗುಡಿಸುತ್ತಿದ್ದ ಶಾಲೆಯ ಆಯಾ ಬಾಯಿಗೆ ಸೆರಗು ಇಟ್ಟುಕೊಂಡಳು.

ಎಕ್ಸ್, ವೈ ಹಾಕಿಸಿದೆ. ಎಕ್ಸ್ ಕೂಡಿಸು ವೈ ಅಂದರೆ ಅರವತ್ತು. ಮೂರು ಎಕ್ಸ್ ಕಳೆ ಮೂರು ವೈ ಅಂದರೂ ಅರವತ್ತು. ಎರಡನೆಯದನ್ನು ಮೂರರಿಂದ ಭಾಗಿಸಿ, ಕೂಡಿಸಿ, ವೈಯನ್ನು ವರ್ಜಿಸಬೇಕು. ಇಷ್ಟನ್ನು ಹದಿನೈದು ವರ್ಷದ ಮಕ್ಕಳು ಕಣ್ಣು ಮುಚ್ಚಿ ಮಾಡುತ್ತಾರೆ, ಅವರಿಗೆ ಅದೇನೆಂದು ತಿಳಿಯದಿದ್ದರೂ ಸರಿಯೇ. ಈಕೆಗೆ ತಿಳಿಯದೆ ಮಾಡಲು ಆಗುತ್ತಿರಲಿಲ್ಲ. ಎಕ್ಸ್ ಎಂದರೆ ಯಾವ ಗಾಡಿ, ಅದನ್ನು ಮೂರರಿಂದ ಯಾಕೆ ಗುಣಿಸಿದೆವು, ಗುಣಿಸಿದ್ದನ್ನು ಮತ್ತೆ ಯಾಕೆ ಭಾಗಿಸುತ್ತೇವೆ. ಪ್ರತಿ ಸಾಲಿಗೂ ಕೇಳುತ್ತಿದ್ದಳು. ಹೇಳಿದರೆ ತಲೆ ಆಡಿಸುತ್ತಿದ್ದಳು. ಮಾರನೇ ದಿನ ಹಾಳೆ ಖಾಲಿ, ಇಲ್ಲವೇ ಕಳೆಯುವ ಚಿಹ್ನೆ ಎಲ್ಲಿರಬಾರದೋ ಅಲ್ಲಿ.

ಒಂದು ದಿನ ಎರಡು ಸಮೀಕರಣವನ್ನೂ ನೇರವಾಗಿ ಒಂದರಿಂದ ಒಂದು ಕಳೆದು, ಎರಡು ಎಕ್ಸ್ ಕಳೆ ನಾಲ್ಕು ವೈ ಅಂದರೆ ಸೊನ್ನೆ ಎಂದು ಬರೆದು ಕೂತಿದ್ದಳು. ಎರಡೂ ಕಡೆ ಅರವತ್ತೇ ಇದೆಯಲ್ಲ, ಕಳೆದರೆ ಸೊನ್ನೆ ತಾನೇ ಎಂದಳು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಾನು ಆ ಪುಟಕ್ಕೆ ಅಡ್ಡಗೆರೆ ಎಳೆದೆ. ಆಕೆ ಬರೆದದ್ದು ಸರಿಯಾಗಿಯೇ ಇತ್ತು, ಅಲ್ಲಿಂದಲೂ ಉತ್ತರಕ್ಕೆ ದಾರಿಯಿತ್ತು ಎಂಬುದು ನನಗೆ ಹೊಳೆದದ್ದು ಬಸ್ಸು ಹತ್ತಿ ಕ್ಯಾಲನೂರು ದಾಟಿದ ಮೇಲೆ. ಮರುದಿನ ಹೇಳಬೇಕೆಂದುಕೊಂಡೆ. ಹೇಳಿದರೆ ಇನ್ನಷ್ಟು ಗೊಂದಲವಾದೀತು ಎಂದು ಬಿಟ್ಟೆ.

ಹೀಗೆ ಎರಡು ವಾರ ಕಳೆಯಿತು. ಕೈಲಾಗದವಳು ಮೈ ಪರಚಿಕೊಂಡಳು ಎಂಬಂತೆ ನಾನು ಆಕೆಯ ಮೇಲೆ, ಪಠ್ಯಪುಸ್ತಕದ ಮೇಲೆ, ತಡವಾಗಿ ಬರುವ ಬಸ್ಸಿನ ಮೇಲೆ ರೇಗಿಕೊಂಡು ಓಡಾಡಿದೆ. ಗಣಿತ ನನಗೆ ಚೆನ್ನಾಗಿ ಬರುತ್ತದೆ, ಕಲಿಸಲೂ ಬರುತ್ತದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಮೂರು ಸಾಲಿನ ಲೆಕ್ಕವೊಂದನ್ನು ಒಬ್ಬ ಬುದ್ಧಿವಂತ ಹೆಂಗಸಿನ ತಲೆಗೆ ಇಳಿಸಲು ಆಗಲಿಲ್ಲ.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಒಂದು ಸಂಜೆ ನನ್ನ ಬಸ್ಸು ಬರಲೇ ಇಲ್ಲ. ಮುಂದಿನದು ಏಳಕ್ಕೆ. ಡೇರಿಯಲ್ಲಿ ಕೂತಿರಿ ಎಂದು ಕರೆದುಕೊಂಡು ಹೋದಳು. ಹಾಲು ಹಾಕುವವರ ಸಾಲು ಬಾಗಿಲಾಚೆಗೂ ಇತ್ತು. ಅರ್ಧ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಕೊಬ್ಬು ನೋಡುವ ಯಂತ್ರ ನಿಂತಿತು. ಹಾಲಿನ ಗಾಡಿ ಬಂತು, ತುಂಬಿದ್ದ ಕ್ಯಾನುಗಳನ್ನು ಏರಿಸಿಕೊಂಡು ಹೊರಟೇಬಿಟ್ಟಿತು. ಆ ಡ್ರೈವರು ಯಾರಿಗೂ ಕಾಯುವವನಲ್ಲವಂತೆ. ಕರೆಂಟು ಬಂದು ಉಳಿದವರ ಹಾಲು ಅಳೆದಾಗ ಎರಡು ಕ್ಯಾನು ಹಿಂದೆ ಉಳಿದವು. ಬೆಳಿಗ್ಗೆಗೆ ಬಿಟ್ಟರೆ ಒಡೆದು ಹೋಗುತ್ತದೆ.

ಆಕೆಯ ಗಂಡ ಎರಡೂ ಕ್ಯಾನನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಗಾಡಿ ಹೋದ ಕಡೆಗೇ ತಿರುಗಿಸಿದ. ಆಕೆ ಒಳಗಿನಿಂದಲೇ ತಡೆದಳು.

"ಎನಕಾಲ ಪೋತೆ ದೊರಕದು. ಅದು ನಲವತ್ರಲ್ಲಿ ಓಡ್ತದೆ, ನೀವು ಮೂವತ್ತು. ಗಂಟೆಗೆ ಹತ್ತು ಹಿಂದೇನೇ ಬೀಳ್ತೀರ. ಕೆರೆ ಕಟ್ಟೆ ಮೇಲಿಂದ ಎದುರಿಗೆ ಹೋಗಿ."

ಹಿಂದೆ ಹೋದರೆ ಸಿಗುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದ್ದು ಆತನಿಗಿಂತ ಮೊದಲು ನನಗೆ ನಾಟಿತು. ನಮ್ಮ ಕಡೆ ಡೇರಿಗಳಲ್ಲಿ ಇದೊಂದು ರೂಢಿ. ತಪ್ಪಿಹೋದ ಹಾಲಿನ ಗಾಡಿಯ ಬೆನ್ನು ಹತ್ತುವುದಿಲ್ಲ. ಅದು ಮುಂದಿನ ಊರುಗಳನ್ನು ಮುಗಿಸಿ ಕೋಲಾರದ ಕಡೆ ಮರಳುವಾಗ ಅಡ್ಡದಾರಿಯಲ್ಲಿ ಹೋಗಿ ಎದುರಾಗುತ್ತಾರೆ. ಎಷ್ಟು ಹೊತ್ತಿಗೆ ಯಾವ ಹುಣಸೆಮರದ ಹತ್ತಿರ ಸಿಗುತ್ತದೆ ಎಂಬುದನ್ನು ಈಕೆ ಗಡಿಯಾರ ನೋಡಿ ಹೇಳಬಲ್ಲಳು. ಎದುರಾಗುವಾಗ ವೇಗಗಳು ಕೂಡುತ್ತವೆ, ಬೆನ್ನು ಹತ್ತುವಾಗ ಕಳೆಯುತ್ತವೆ. ನಾನು ಎರಡು ವಾರ ಬಾಯಿ ಒಣಗಿಸಿಕೊಂಡು ಹೇಳಿದ್ದು ಇದನ್ನೇ. ಅದು ಆಕೆಗೆ ನನಗಿಂತ ಮೊದಲೇ ಗೊತ್ತಿತ್ತು.

ಆತ ಕಟ್ಟೆಯ ಕಡೆ ಹೊರಟ ಮೇಲೆ, ಆಕೆ ಖಾಲಿ ಕ್ಯಾನು ತೊಳೆಯುತ್ತಿದ್ದಾಗಲೇ ಕೇಳಿದೆ. ಎರಡು ಕ್ಯಾನಿನಲ್ಲಿ ಒಟ್ಟು ಅರವತ್ತು ಲೀಟರು ಇದೆ ಎಂದುಕೊಳ್ಳಿ, ಒಂದರಲ್ಲಿ ಇನ್ನೊಂದಕ್ಕಿಂತ ಇಪ್ಪತ್ತು ಹೆಚ್ಚು, ಯಾವುದರಲ್ಲಿ ಎಷ್ಟು? ಆಕೆ ತಲೆಯೆತ್ತಲೂ ಇಲ್ಲ. ಹೆಚ್ಚಿರುವ ಇಪ್ಪತ್ತನ್ನು ಪಕ್ಕಕ್ಕೆ ತೆಗೆದಿಟ್ಟು ಉಳಿದದ್ದನ್ನು ಸಮ ಮಾಡಬೇಕು, ಇಪ್ಪತ್ತು, ನಲವತ್ತು ಎಂದಳು. ನಾನು ಮಾಲೂರು ಮುಳಬಾಗಿಲಿನ ಲೆಕ್ಕವನ್ನೇ ಮತ್ತೆ ಹೇಳಿದೆ. ಎದುರು ಬಂದರೆ ಗಂಟೆಗೆ ಅರವತ್ತು ಮುಗಿಯುತ್ತದೆ, ಅಂದರೆ ಒಟ್ಟು ಅರವತ್ತು. ಬೆನ್ನು ಹತ್ತಿದರೆ ಆ ಅರವತ್ತು ಮುಗಿಯಲು ಮೂರು ಗಂಟೆ, ಅಂದರೆ ಗಂಟೆಗೆ ಇಪ್ಪತ್ತು. ಆಕೆಯ ಕೈ ಕ್ಯಾನಿನೊಳಗೇ ನಿಂತಿತು.

"ಇದು ಕ್ಯಾನಿನ ಲೆಕ್ಕಾನೇ ಅಲ್ವಾ ಮೇಡಂ? ನಲಭೈ, ಇರವೈ." ನಲವತ್ತು, ಇಪ್ಪತ್ತು. ಉತ್ತರ ಅದೇ.

ಆ ರಾತ್ರಿ ನನಗೆ ಊಟ ರುಚಿಸಿತು. ಆದರೆ ಮುಂದಿನ ನಾಲ್ಕು ದಿನ ಅದೇ ತಿಳಿವನ್ನು ಎಕ್ಸ್ ವೈ ಒಳಗೆ ಕೂರಿಸಲು ಹೋಗಿ ಮತ್ತೆ ಮುಗ್ಗರಿಸಿದೆವು. ಬಾಯಲ್ಲಿ ಹೇಳುವಾಗ ಥಟ್ಟನೆ ಬರುವ ಉತ್ತರ, ಎಕ್ಸ್ ಎಂದು ಬರೆದ ಕೂಡಲೇ ಕಾಣೆಯಾಗುತ್ತಿತ್ತು. ಹತ್ತು ದಿನ ಉಳಿದಿತ್ತು, ಪ್ರಮೇಯವನ್ನು ಇನ್ನೊಮ್ಮೆ ತಿದ್ದಬೇಕಿತ್ತು. ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಎಕ್ಸ್ ವೈ ಬಿಟ್ಟುಬಿಡಿ, ನಿಮ್ಮ ಕ್ಯಾನಿನ ದಾರಿಯಲ್ಲೇ ಮಾಡಿ, ಮಾಡಿದ್ದನ್ನು ಒಂದೊಂದು ಸಾಲಾಗಿ ಮಾತಿನಲ್ಲಿ ಬರೆಯಿರಿ ಎಂದೆ. ಆಕೆ ಸುಮ್ಮನೆ ಒಪ್ಪಲಿಲ್ಲ.

"ಎಕ್ಸ್ ಇಲ್ದಿದ್ರೆ ಮಾರ್ಕ್ಸ್ ಹಾಕ್ತಾರಾ?"

ಹಾಕುತ್ತಾರೆ ಎಂದೆ. ಮಾದರಿ ಉತ್ತರಗಳ ಕೊನೆಗೆ, ಸರಿಯಾದ ಬೇರೆ ವಿಧಾನಕ್ಕೂ ಪೂರ್ಣ ಅಂಕ ಎಂಬ ಒಂದು ಸಾಲು ಇರುತ್ತದೆ. ಅದನ್ನು ನಂಬಿ ಹೇಳಿದೆ. ಹಾಕದೆ ಏನು, ನಾನಿದ್ದೇನಲ್ಲ ಎಂದೂ ಸೇರಿಸಿದೆ. ನಾನಿದ್ದು ಏನು ಮಾಡಲಿಕ್ಕಿತ್ತೋ ದೇವರಿಗೇ ಗೊತ್ತು.

ಪರೀಕ್ಷೆಯ ದಿನ ಕೋಲಾರದ ಕೇಂದ್ರದ ಹೊರಗೆ ಬೇವಿನ ಮರದ ಕೆಳಗೆ ಕಾದು ನಿಂತಿದ್ದೆ. ಬಂದವಳು ನೀರೂ ಕುಡಿಯದೆ ಹೇಳಿದ್ದು ಎರಡು ಮಾತು: ಯಾಭೈ, ಮುಪ್ಪೈ. ಐವತ್ತು, ಮೂವತ್ತು. ಪ್ರಶ್ನೆಪತ್ರಿಕೆ ಕಸಿದುಕೊಂಡು ನೋಡಿದೆ. ಎಂಬತ್ತು ಕಿಲೋಮೀಟರು ದೂರದ ಎರಡು ಊರು, ಎದುರು ಬಂದರೆ ಒಂದು ಗಂಟೆ, ಒಂದೇ ದಿಕ್ಕಿಗಾದರೆ ನಾಲ್ಕು. ಒಟ್ಟು ಎಂಬತ್ತು, ಹೆಚ್ಚು ಇಪ್ಪತ್ತು. ಸರಿಯಾಗಿತ್ತು. ಆಕೆಯ ಬೆನ್ನ ಮೇಲೆ ಒಂದು ಗುದ್ದು ಗುದ್ದಿದೆ, ಶಾಲೆಯ ಮಕ್ಕಳಿಗೆ ಹಾಕುವ ಹಾಗೆ. ಆದರೆ ಪ್ರಶ್ನೆಯ ಕೊನೆಯ ಸಾಲು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ರೇಖಾತ್ಮಕ ಸಮೀಕರಣಗಳನ್ನು ರಚಿಸಿ ಬಿಡಿಸಿ ಎಂದಿತ್ತು. ಅದನ್ನು ನೋಡದವಳಂತೆ ಪತ್ರಿಕೆ ಮಡಚಿ ಕೊಟ್ಟೆ.

ಆಮೇಲಿನ ವಾರ ನನಗೆ ಮೌಲ್ಯಮಾಪನದ ಕರೆ ಬಂತು. ನಮ್ಮ ಜಿಲ್ಲೆಯ ಉತ್ತರ ಪತ್ರಿಕೆಗಳು ನಮ್ಮ ಕೈಗೆ ಬರುವುದಿಲ್ಲ, ಬೇರೆ ಯಾವುದೋ ಜಿಲ್ಲೆಗೆ ಹೋಗುತ್ತವೆ. ನಮಗೆ ಇನ್ನಾವುದೋ ಜಿಲ್ಲೆಯವು. ಹೆಸರಿಲ್ಲ, ಊರಿಲ್ಲ, ಒಂದು ಸಂಕೇತ ಸಂಖ್ಯೆ ಮಾತ್ರ. ಒಂದು ಟೇಬಲ್ಲಿಗೆ ಆರು ಜನ, ನಮ್ಮ ಮೇಲೊಬ್ಬ ಮುಖ್ಯಸ್ಥರು. ಪ್ರತಿ ಉತ್ತರಕ್ಕೂ ಹಂತ ಹಂತವಾಗಿ ಎಷ್ಟು ಅಂಕ ಎಂಬ ಪಟ್ಟಿ ಕೈಯಲ್ಲಿ. ಗಾಡಿಯ ಲೆಕ್ಕಕ್ಕೆ ಹೀಗಿತ್ತು: ಮೊದಲ ಸಮೀಕರಣಕ್ಕೆ ಒಂದು, ಎರಡನೆಯದಕ್ಕೆ ಒಂದು, ಬಿಡಿಸಿದ್ದಕ್ಕೆ ಒಂದು, ಉತ್ತರಕ್ಕೆ ಒಂದು.

ಮೂರನೇ ದಿನ ಮಧ್ಯಾಹ್ನ ಖಾಸಗಿ ಅಭ್ಯರ್ಥಿಗಳ ಒಂದು ಕಟ್ಟು ನನಗೆ ಬಂತು. ಅದರಲ್ಲಿ ಒಂದು ಪತ್ರಿಕೆ. ದಪ್ಪ ಅಕ್ಷರ, ಪೆನ್ನನ್ನು ಒತ್ತಿ ಒತ್ತಿ ಬರೆದ ಕೈ. ಗಾಡಿಯ ಲೆಕ್ಕದ ಜಾಗದಲ್ಲಿ ಒಂದೇ ಒಂದು ಎಕ್ಸ್ ಇರಲಿಲ್ಲ. ಹಿಂದಿನವನು ಗಂಟೆಗೆ ಇಪ್ಪತ್ತು ಕಿಲೋಮೀಟರು ಹತ್ತಿರ ಬರುತ್ತಾನೆ, ಆದ್ದರಿಂದ ಎಂಬತ್ತು ಮುಗಿಯಲು ನಾಲ್ಕು ಗಂಟೆ ಹಿಡಿಯಿತು ಎಂದು ಮಾತಿನಲ್ಲಿ ಬರೆದು, ಐವತ್ತು, ಮೂವತ್ತು ಎಂದು ಉತ್ತರ ಕೊಟ್ಟಿದ್ದರು. ನನ್ನವಳದಲ್ಲ ಎಂದು ಗೊತ್ತಿತ್ತು. ಎಲ್ಲೋ ಇನ್ನೊಬ್ಬರು, ಬಸ್ಸಿನ ಕಂಡಕ್ಟರೋ, ಕುರಿ ಕಾಯುವವರೋ, ತಮ್ಮ ಬದುಕಿನಿಂದ ಇದನ್ನು ತಿಳಿದುಕೊಂಡಿದ್ದರು. ಪಟ್ಟಿಯ ಪ್ರಕಾರ ಉತ್ತರದ ಒಂದು ಅಂಕ ಹಾಕಿ ಮುಂದೆ ಹೋದೆ. ಕೊನೆಗೆ ಮೊದಲ ಪುಟದಲ್ಲಿ ಕೂಡಿದಾಗ ಮೂವತ್ತೆರಡು ಬಂತು. ಎರಡು ಸಲ ಕೂಡಿದೆ. ಮೂವತ್ತೆರಡೇ.

ಗಡಿಯಲ್ಲಿ ನಿಂತ ಪತ್ರಿಕೆಯನ್ನು ಮತ್ತೊಮ್ಮೆ ನೋಡಬೇಕು ಎಂಬುದು ಅಲ್ಲಿನ ರೂಢಿ. ಹುಡುಕುವುದೇನೂ ಇರಲಿಲ್ಲ, ಆ ಮೂರು ಅಂಕ ಎಲ್ಲಿವೆ ಎಂದು ನನಗೆ ಗೊತ್ತಿತ್ತು. ಮುಖ್ಯಸ್ಥರ ಹತ್ತಿರ ಒಯ್ದೆ. ಬೇರೆ ವಿಧಾನಕ್ಕೂ ಅಂಕ ಎಂದಿದೆಯಲ್ಲ ಸಾರ್ ಎಂದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಪೂರ್ತಿ ಓದಿದರು.

"ಬುದ್ಧಿ ಇದೆ ಮೇಡಂ, ಇಲ್ಲ ಅನ್ನಲ್ಲ. ಸಮೀಕರಣ ರಚಿಸಿ ಅಂತ ಕೇಳಿದಾರೆ. ಎಲ್ಲಿದೆ ಸಮೀಕರಣ, ತೋರ್ಸಿ. ಇಲ್ಲಿ ನಾವು ಕೊಟ್ಟು ಪಕ್ಕದ ಟೇಬಲ್ಲಲ್ಲಿ ಕೊಡದಿದ್ರೆ ಅದ್ಯಾವ ನ್ಯಾಯ?"

ಅವರ ಮೇಲೆ ಇನ್ನೊಬ್ಬರಿದ್ದರು, ಅಲ್ಲಿಗೆ ಹೋಗಬಹುದಿತ್ತು. ಪಕ್ಕದ ಕೋಣೆಯೇ. ಸಂಜೆಯೊಳಗೆ ಮುಗಿಸಬೇಕಾದ ಹದಿನೇಳು ಪತ್ರಿಕೆ ಬಾಕಿ ಇದ್ದವು. ಹೋಗಿ ಕೇಳಿದರೆ, ಯಾರೋ ಪರಿಚಯದವರದ್ದಿರಬೇಕು, ಅದಕ್ಕೇ ಇಷ್ಟು ಹೋರಾಟ ಎಂದುಕೊಳ್ಳುತ್ತಾರೆ ಎಂಬ ಅಳುಕೂ ಇತ್ತು. ಮನಸ್ಸಿನಲ್ಲಿ ನಿಜವಾಗಿಯೂ ಒಬ್ಬ ಪರಿಚಯದವಳು ಇದ್ದದ್ದರಿಂದಲೇ ಆ ಅಳುಕು. ಅದಲ್ಲದೆ ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟು ಉತ್ತರಕ್ಕೆ ನಾನೇ ಒಂದು ಅಂಕ ಹಾಕಿ ಪುಟ ತಿರುವಿರಲಿಲ್ಲ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿ ನಾನೇ ಆಗಿದ್ದೆ. ಮೂವತ್ತೆರಡರ ಕೆಳಗೆ ಸಹಿ ಹಾಕಿ ಮುಂದಿನ ಪತ್ರಿಕೆ ಎಳೆದುಕೊಂಡೆ.

ಅಲ್ಲಿಂದ ಫಲಿತಾಂಶದವರೆಗೆ ಹನ್ನೆರಡು ದಿನ. ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆಕೆ ಪಾಸಾದ ಹಾಗೇ ಓಡಾಡುತ್ತಿದ್ದಳು. ಹಳೆಯ ಕಾರ್ಯದರ್ಶಿ ಬೀಗದ ಕೈಗಳನ್ನು ತೋರಿಸಿಕೊಡಲು ಶುರುಮಾಡಿದ್ದರಂತೆ. ಹಸು ಕರು ಹಾಕಿತೆಂದು ಒಂದು ಡಬ್ಬಿ ಗಿಣ್ಣು ತಂದುಕೊಟ್ಟಳು. ಎಂಥ ಗಿಣ್ಣು, ಏಲಕ್ಕಿ ಹಾಕಿ, ಬೆಲ್ಲದಲ್ಲಿ ಹದವಾಗಿ ಬೇಯಿಸಿದ್ದು. ಎರಡು ತುತ್ತು ತಿಂದು ಉಳಿದದ್ದನ್ನು ಸ್ಟಾಫ್ ರೂಮಿನವರಿಗೆ ಕೊಟ್ಟುಬಿಟ್ಟೆ. ಹೇಳಿಬಿಡಲೇ ಎಂದು ದಿನವೂ ಅನ್ನಿಸುತ್ತಿತ್ತು. ಅವಳ ಪತ್ರಿಕೆ ನೋಡಿದವರು ನನಗಿಂತ ಧೈರ್ಯಸ್ಥರಾಗಿರಬಹುದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮೂವತ್ತಮೂರು ಬಂತು. ಎಲ್ಲೋ ಚಿಲ್ಲರೆ ಪ್ರಶ್ನೆಯಲ್ಲಿ ಒಂದು ಅಂಕ ಹೆಚ್ಚಿಗೆ ಗಿಟ್ಟಿಸಿದ್ದಳು. ಫೋನಿನಲ್ಲಿ ನಾನೇ ನೋಡಿದೆ, ನಾನೇ ಹೇಳಿದೆ. ಆಕೆ ಹ್ಞೂಂ ಎಂದಳು. ಉತ್ತರ ಪತ್ರಿಕೆಯ ಪ್ರತಿ ತರಿಸೋಣ, ಮರುಮೌಲ್ಯಮಾಪನಕ್ಕೆ ಹಾಕೋಣ ಎಂದೆ. ಪ್ರತಿ ಬರುವಷ್ಟರಲ್ಲಿ ಮಹಾಸಭೆಯೇ ಆಗಿಹೋಯಿತು. ಪಿಯುಸಿ ಓದಿದ್ದ ಒಬ್ಬ ಹೆಣ್ಣುಮಗಳು ಪಕ್ಕದ ಊರಿನಿಂದ ಕಾರ್ಯದರ್ಶಿಯಾಗಿ ಬಂದಳು. ಅವಳಿಗೆ ಕೆಲಸ ಕಲಿಸುವ ಜವಾಬ್ದಾರಿಯನ್ನು ಸಂಘದವರು ಟೆಸ್ಟರಮ್ಮನಿಗೇ ವಹಿಸಿದರು.

ಸಭೆಯ ಮರುದಿನ ನಾಲ್ಕಕ್ಕೆ ಆಕೆ ಜಗಲಿಗೆ ಬಂದಳು. ನಾನು ಪ್ರತಿಯನ್ನು ಮುಂದಿಟ್ಟೆ. ಗಾಡಿಯ ಲೆಕ್ಕದ ಮೊದಲ ಸಾಲು ಹೀಗಿತ್ತು: ಗಾಡಿಗಳು ದಾರಿಯಲ್ಲಿ ಎಲ್ಲೂ ನಿಲ್ಲುವುದಿಲ್ಲ ಎಂದು ಇಟ್ಟುಕೊಂಡರೆ. ಆಮೇಲೆ ಒಂದೊಂದು ಸಾಲೂ ತೂಕ ಮಾಡಿದ ಹಾಗೆ. ಎದುರು ಬರುವಾಗ ಎರಡೂ ಸೇರಿ ಗಂಟೆಗೆ ಎಂಬತ್ತು. ಬೆನ್ನು ಹತ್ತುವಾಗ ಗಂಟೆಗೆ ಇಪ್ಪತ್ತು. ಹೆಚ್ಚಿನದನ್ನು ತೆಗೆದಿಟ್ಟು ಉಳಿದದ್ದನ್ನು ಸಮ ಮಾಡಿದರೆ ಮೂವತ್ತು. ಅದಕ್ಕೆ ಇಪ್ಪತ್ತು ಸೇರಿಸಿದರೆ ಐವತ್ತು. ಪಕ್ಕದಲ್ಲಿ, ಸುತ್ತು ಹಾಕಿದ ಒಂದು.

"ಎಲ್ಲಿ ತಪ್ಪು ಮಾಡಿದೀನಿ ತೋರ್ಸಿ ಮೇಡಂ. ಮುಂದಿನ ಸಲಕ್ಕೆ ತಿದ್ಕೋತೀನಿ."

ತಪ್ಪಿಲ್ಲಮ್ಮ ಎಂದೆ.

"ತಪ್ಪಿಲ್ದಿದ್ರೆ ಮೂರು ಯಾಕೆ ಹೋಯ್ತು?"

ಸಮೀಕರಣ ಕೇಳಿದ್ದರು, ನೀವು ಬರೆಯಲಿಲ್ಲ, ಬರೆಯಬೇಡಿ ಎಂದು ಹೇಳಿದವಳು ನಾನು. ಇಷ್ಟನ್ನು ಹೇಳಿದೆ. ಹೇಳುತ್ತ ಹೇಳುತ್ತ ಉಳಿದದ್ದೂ ಬಾಯಿಗೆ ಬಂತು. ನನ್ನ ಕೈಗೂ ಇಂಥದ್ದೇ ಒಂದು ಪತ್ರಿಕೆ ಬಂದಿತ್ತು, ಯಾವ ಊರಿನವರದೋ ಗೊತ್ತಿಲ್ಲ, ನಿಮ್ಮ ಹಾಗೇ ಮಾತಿನಲ್ಲಿ ಬರೆದಿದ್ದರು, ನಾನೂ ಒಂದೇ ಅಂಕ ಹಾಕಿದೆ ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಪ್ರತಿಯನ್ನು ಮಡಚಿ ಮೊಣಕಾಲಿನ ಮೇಲೆ ಇಟ್ಟುಕೊಂಡಳು.

"ಅವ್ರಿಗೂ ಯಾಭೈ, ಮುಪ್ಪೈನೇ ಬಂದಿತ್ತಾ?"

ಬಂದಿತ್ತು ಎಂದೆ.

"ಅವ್ರು ಪಾಸಾದ್ರಾ?"

ನನ್ನ ಕಣ್ಣ ಮುಂದೆ ಆ ಮೊದಲ ಪುಟ ಇತ್ತು. ಕೂಡಿ ಬರೆದಿದ್ದ ಮೂವತ್ತೆರಡು, ಅದರ ಕೆಳಗೆ ನನ್ನ ಸಹಿ.

"ಪಾಸಾದ್ರು," ಎಂದೆ.

"ಸದ್ಯ," ಎಂದಳು. "ಅವ್ರಾದ್ರೂ ಆದ್ರಲ್ಲ." ಸೀರೆಗೆ ಹತ್ತಿದ ಸೀಮೆಸುಣ್ಣ ಕೊಡವಿಕೊಂಡು ಎದ್ದಳು. ಹೊಸ ಕಾರ್ಯದರ್ಶಿಗೆ ಇನ್ನೂ ಡೇರಿಯ ಬೀಗ ತೆಗೆಯಲು ಬರುವುದಿಲ್ಲವಂತೆ, ಐದೂವರೆಗೆ ಮೊದಲೇ ಹೋಗಬೇಕು ಎಂದು ಹೇಳಿ ಗೇಟು ದಾಟಿದಳು.